ಬೆಳಗಿನ ಜಾವದ ಎಪ್ಪತ್ತೊಂದು ಗುಡುಗು

ಸ್ವೀಡನ್ನಿನ ವೆಸ್ಟೆರಾಸ್ ಊರಿನ ಆ ಮೂರನೇ ಮಹಡಿಯ ಮನೆಯಲ್ಲಿ, ಫ್ರಿಜ್ಜಿನ ಬಾಗಿಲಿಗೆ ಒಂದು ಪುಟ್ಟ ಬಿಳಿ ಹಲಗೆ ಅಂಟಿಕೊಂಡಿತ್ತು. ಬೇರೆಯವರ ಮನೆಯಲ್ಲಾದರೆ ಅದರ ಮೇಲೆ ಹಾಲು, ಬ್ರೆಡ್ಡು, ಮಗುವಿನ ಲಸಿಕೆಯ ತಾರೀಕು ಇರುತ್ತಿತ್ತು. ಇಲ್ಲಿದ್ದದ್ದು ಒಂದೇ ಒಂದು ಅಂಕಿ, 97. ಬರೆದವನು ಯೋಗೀಶ. ಅದು ಅವನ ಹೆಂಡತಿ ನಳಿನಿಯ ಸ್ಕೋರು.

ನಳಿನಿ ವಾತಾವರಣ ವಿಜ್ಞಾನಿ. ಗಾಳಿ, ತೇವ, ಗುಡುಗು ಅವಳ ಕಸುಬು. ದಿನಾ ರೈಲು ಹತ್ತಿ ಸ್ಟಾಕ್‌ಹೋಮಿನ ಒಂದು ಸಂಶೋಧನಾ ಸಂಸ್ಥೆಗೆ ಹೋಗಿ ಸಂಜೆ ವಾಪಸು ಬರುತ್ತಿದ್ದಳು. ಅಲ್ಲಿಯವರೆಗೆ ಹದಿನಾಲ್ಕು ಪ್ರಬಂಧ ಬರೆದಿದ್ದಳು. ಬೇರೆ ವಿಜ್ಞಾನಿಗಳು ತಮ್ಮ ಬರಹದಲ್ಲಿ ಹೆಸರಿಸಿದಷ್ಟೂ ಒಂದು ಪ್ರಬಂಧಕ್ಕೆ ಬೆಲೆ ಏರುತ್ತದೆ. ಹಾಗೆ ಹೆಸರಿಸುವುದಕ್ಕೆ ಸೈಟೇಶನ್ ಎನ್ನುತ್ತಾರೆ. ಅವಳ ಹದಿಮೂರು ಪ್ರಬಂಧಗಳು ನಾಲ್ಕು, ಒಂಬತ್ತು, ಹನ್ನೊಂದು ಎಂದು ಕುಂಟುತ್ತಿದ್ದವು. 2003ರಲ್ಲಿ ಬಂದ ಒಂದೇ ಒಂದು ಮಾತ್ರ ತೊಂಬತ್ತೇಳಕ್ಕೆ ಏರಿ ಕೂತಿತ್ತು.

ಯೋಗೀಶ ವಿದ್ಯುತ್ ಯಂತ್ರಗಳ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಬರೆಯುವವನು. ಮೋಡಗಳ ಒಳಸುಳಿ ಅವನಿಗೆ ಅಷ್ಟಕ್ಕಷ್ಟೇ. ಆದರೆ ಸ್ಕೋರು ಎಂದರೇನೆಂದು ಚೆನ್ನಾಗಿ ಗೊತ್ತಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಎದ್ದವನೇ ಕಂಪ್ಯೂಟರ್ ತೆರೆದು ಎಣಿಸುವುದು, ಹಲಗೆ ಒರೆಸಿ ಹೊಸ ಅಂಕಿ ಬರೆಯುವುದು. ಸೆಂಚುರಿಯಾದ ದಿನ ಊರಿನ ಕನ್ನಡದವರನ್ನೆಲ್ಲ ಕರೆದು ಕೇಸರಿಬಾತ್ ಹಾಕುವುದಾಗಿ ಘೋಷಿಸಿಯೂ ಬಿಟ್ಟಿದ್ದ.

"ರನ್ ಹೊಡೆಯೋಳು ನಾನು, ಕುಣಿಯೋನು ನೀನು," ಎಂದು ನಳಿನಿ ರೇಗಿಸುತ್ತಿದ್ದಳು.

ಕುಣಿಯಲು ಅವನಿಗೆ ಹಕ್ಕಿತ್ತು. ಆ ಪ್ರಬಂಧ ನಿಂತಿದ್ದದ್ದೇ ಅವನ ತಾಯಿ ಮಾಲತಿಯವರ ನೋಟ್‌ಬುಕ್ಕುಗಳ ಮೇಲೆ. ಮಾಲತಿ ತಿಪಟೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವರು. ಅವರಿಗೊಂದು ಹುಚ್ಚು. ಗುಡುಗು ಕೇಳಿಸಿದರೆ ಸಾಕು, ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಬಿಟ್ಟು, ಗಡಿಯಾರ ನೋಡಿ ಬರೆದಿಡುವುದು. ವಾರ, ತಾರೀಕು, ಗಂಟೆ, ನಿಮಿಷ, ಯಾವ ದಿಕ್ಕು, ಎಷ್ಟು ಹೊತ್ತು. ಹೀಗೆ ಇಪ್ಪತ್ತೆರಡು ವರ್ಷ, ಹತ್ತೊಂಬತ್ತು ಉದ್ದನೆಯ ನೋಟ್‌ಬುಕ್ಕು. ಸೊಸೆಯಾಗಿ ಬಂದ ನಳಿನಿ ಅವನ್ನು ನೋಡಿ ಒಡವೆ ಸಿಕ್ಕವಳ ಹಾಗೆ ಎದೆಗವಚಿಕೊಂಡಿದ್ದಳು.

2001ರಲ್ಲಿ ಯೋಗೀಶ ಹೆಂಡತಿಯ ಹಿಂದೆ ಸ್ವೀಡನ್ನಿಗೆ ಬಂದಾಗ ಆ ಪುಸ್ತಕಗಳನ್ನು ಚಟ್ನಿಪುಡಿಯ ಡಬ್ಬಿಗಳ ಜೊತೆ ಸೂಟ್‌ಕೇಸಿನಲ್ಲಿ ಹೊತ್ತು ತಂದ. ಪರ್ಸನ್‌ನುಮ್ಮರ್ ಎಂಬ ಸರ್ಕಾರಿ ಗುರುತಿನ ಸಂಖ್ಯೆ ಬರದೆ ಇಲ್ಲಿ ಬ್ಯಾಂಕಿಲ್ಲ, ಭಾಷೆಯ ತರಗತಿಯಿಲ್ಲ, ಕೆಲಸವಂತೂ ದೂರದ ಮಾತು. ಅದು ಬರಲು ಹಿಡಿದ ಆರು ತಿಂಗಳು ಕಿಟಕಿಯ ಹೊರಗೆ ಹಿಮ ಬೀಳುತ್ತಿದ್ದರೆ ಅವನು ಒಳಗೆ ಕೂತು ತಿಪಟೂರಿನ ಗುಡುಗುಗಳನ್ನು ಒಂದೊಂದಾಗಿ ಎಕ್ಸೆಲ್ಲಿಗೆ ಹತ್ತಿಸಿದ. ಒಟ್ಟು ಸಾವಿರದ ಇನ್ನೂರ ಹನ್ನೆರಡು ಗುಡುಗು ಮಳೆ.

ನಳಿನಿ ಅವನ್ನು ಗಾಳಿ, ತೇವದ ಸರ್ಕಾರಿ ದಾಖಲೆಗಳಿಗೆ ತಾಳೆ ಹಾಕಿದಳು. ಸಂಜೆಯ ಗುಡುಗುಗಳದು ಸಭ್ಯ ನಡವಳಿಕೆ. ಬಂಗಾಳ ಕೊಲ್ಲಿಯ ಕಡೆಯಿಂದ ತೇವದ ಗಾಳಿ ಬಂದ ಮೇಲೆ ಗುಡುಗುತ್ತಿದ್ದವು. ಬೆಳಗಿನ ಜಾವದವು ಮಾತ್ರ ವಿಚಿತ್ರ. ತೇವ ಬರುವ ಮೊದಲೇ, ಅರ್ಧ ದಿನ ಮುಂಚೆ, ಗುಡುಗಿ ಸುಮ್ಮನಾಗುತ್ತಿದ್ದವು. ಅದನ್ನೇ ನಳಿನಿ ಬರೆದಳು. ಜಾವದ ಗುಡುಗು ಬರಲಿರುವ ತೇವದ ಮುನ್ಸೂಚನೆ ಇರಬಹುದೇ ಎಂದು ಕೇಳಿದಳು. ಯಾಕೆ ಹೀಗೆ ಎಂದು ಯಾರಿಗೂ ಬಗೆಹರಿಯಲಿಲ್ಲ, ಆದ್ದರಿಂದ ಎಲ್ಲರೂ ಅದನ್ನು ಹೆಸರಿಸತೊಡಗಿದರು.

ಈಗ 2007ರ ಡಿಸೆಂಬರ್. ನಳಿನಿಯ ತಾತ್ಕಾಲಿಕ ಕೆಲಸ ಬರುವ ಜೂನಿಗೆ ಮುಗಿಯುತ್ತಿತ್ತು. ಅದೇ ಸಂಸ್ಥೆಯಲ್ಲಿ ಒಂದು ಕಾಯಂ ಹುದ್ದೆ ತೆರೆದಿತ್ತು. ಕೊನೆಗೆ ಉಳಿದವರು ಇಬ್ಬರು, ನಳಿನಿ ಮತ್ತು ಒಬ್ಬ ನಾರ್ವೆಯವನು. ಹೊರಗಿನ ಪರಿಣತರೊಬ್ಬರು ಇಬ್ಬರ ಬರಹಗಳನ್ನೂ ಓದಿ ಜನವರಿಯಲ್ಲಿ ವರದಿ ಕೊಡಬೇಕಿತ್ತು. ನಳಿನಿಯ ಕೈಯಲ್ಲಿದ್ದ ದೊಡ್ಡ ಎಲೆಯೆಂದರೆ ಆ ತೊಂಬತ್ತೇಳೇ. ಇದು ತಪ್ಪಿದರೆ ನಲವತ್ತಕ್ಕೆ ಕಾಲಿಡುತ್ತಿರುವ ಅವಳಿಗೆ ಸಂಶೋಧನೆಯ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ.

ಅದೇ ಹೊತ್ತಿಗೆ ಮಾಲತಿ ಮೂರು ತಿಂಗಳಿಗೆಂದು ಮಗನ ಮನೆಗೆ ಬಂದಿದ್ದರು. ಅತ್ತೆ ಬಂದ ದಿನದಿಂದ ನಳಿನಿ ಗಂಡನನ್ನು ಅವರೆದುರು "ರೀ", "ನೀವು" ಎಂದು ಕರೆಯತೊಡಗಿದ್ದಳು. ಯಾರೂ ಹೇಳಿರಲಿಲ್ಲ. ಯೋಗೀಶನಿಗೆ ಅದು ಕಚಗುಳಿಯಿಟ್ಟಂತಾಗಿ, ಅಮ್ಮ ಇಲ್ಲದಾಗಲೂ "ಏನ್ರೀ ಮೇಡಂ" ಎಂದು ಕಾಡುತ್ತಿದ್ದ.

ಒಂಬತ್ತನೇ ತಾರೀಕು, ಭಾನುವಾರ. ಬೆಳಗಿನ ಎಂಟು ಗಂಟೆ, ಹೊರಗೆ ಇನ್ನೂ ಗವ್ವೆನ್ನುವ ಕತ್ತಲು. ನಳಿನಿ ಮಲಗಿದ್ದಳು. ಯೋಗೀಶ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದ. ಐದು ವರ್ಷದ ಮಗಳು ಅವನಿ ತಾನೇ ದಾಗಿಸ್‌ನಲ್ಲಿ ಮಾಡಿ ತಂದ ಶುಂಠಿ ಬಿಸ್ಕತ್ತನ್ನು ಅಜ್ಜಿಯ ಬಾಯಿಗೆ ಹಿಡಿದಳು. ದಾಗಿಸ್ ಎಂದರೆ ಇಲ್ಲಿನ ಶಿಶುವಿಹಾರ, ಅವನಿಯ ಇಡೀ ಪ್ರಪಂಚ.

"ಬೇಡ ಪುಟ್ಟಿ, ನಂದು ಶನಿವಾರದ ಒಪ್ಪತ್ತು," ಎಂದರು ಮಾಲತಿ.

"ಬಟ್ ಇಟ್ಸ್ ಸಂಡೇ, ಫಾರ್ಮೂರ್!" ಅಪ್ಪನ ಅಮ್ಮನನ್ನು ಸ್ವೀಡಿಷಿನಲ್ಲಿ ಹಾಗೆ ಕರೆಯುತ್ತಾರೆ. ಅಜ್ಜಿ ಎಂದು ಕರೆಯಲು ಮಗುವಿಗೆ ನಾಚಿಕೆ.

"ಸೂರ್ಯ ಎಲ್ಲಿ ಹುಟ್ಟಿದಾನೆ? ಅವನು ಹುಟ್ಟೋವರೆಗೂ ಶನಿವಾರಾನೇ. ನಿಮ್ಮೂರಲ್ಲಿ ಅವನು ಒಂಬತ್ತಕ್ಕೆ ಏಳ್ತಾನೆ ಅಂತ ನಾನು ವಾರ ಬದಲಾಯಿಸಕ್ಕಾಗತ್ತಾ?"

ಯೋಗೀಶ ನಕ್ಕ. ಕಾಫಿ ಮಾತ್ರ ಎರಡು ಲೋಟ ಇಳಿದಿತ್ತಲ್ಲ ಎಂದು ಅಮ್ಮನನ್ನು ಛೇಡಿಸಿದ. ಕಾಫಿಗೆ ವಾರವಿಲ್ಲ ಎಂದರು ಅವರು. ನಗುತ್ತಲೇ, ಏನೋ ಒಂದು ಕೇಳಬೇಕೆಂದು ಕೇಳಿದ. "ಹಾಗಾದ್ರೆ ಅಮ್ಮ, ರಾತ್ರಿ ಮೂರು ಗಂಟೆಗೆ ಗುಡುಗಿದ್ರೆ ಯಾವ ತಾರೀಕು ಹಾಕ್ತಿದ್ದೆ?"

"ಇದೇನೋ ಹೀಗ್ ಕೇಳ್ತೀಯ? ಹಿಂದಿನ ದಿನದ್ದೇ. ಸೋಮವಾರ ಮಲಗಿದೀನಿ, ನಡುವೆ ಎದ್ದು ಬರೆದು ಮತ್ತೆ ಮಲಗ್ತೀನಿ. ಬೆಳಗಾಗದೆ ಮಂಗಳವಾರ ಎಲ್ಲಿಂದ ಬರತ್ತೆ?"

ಯೋಗೀಶನ ಕೈಯ ಸೌಟು ಅಲ್ಲೇ ನಿಂತಿತು. ರವೆ ಸೀದು ವಾಸನೆ ಬಂದ ಮೇಲೆಯೇ ಅವನಿಗೆ ಒಲೆ ಆರಿಸಬೇಕೆಂದು ನೆನಪಾದದ್ದು.

'ಸೋಮವಾರ, ರಾತ್ರಿ 3-10' ಎಂದು ಅಮ್ಮ ಬರೆದದ್ದನ್ನು ಅವನು ಸೋಮವಾರದ ತಾರೀಕಿಗೇ 03:10 ಎಂದು ಟೈಪು ಮಾಡಿದ್ದ. ಕಂಪ್ಯೂಟರಿನ ಸೋಮವಾರ ನಡುರಾತ್ರಿ ಹನ್ನೆರಡಕ್ಕೇ ಶುರು. ನಿಜವಾಗಿ ಆ ಗುಡುಗು ಮಂಗಳವಾರದ್ದು. ಅಂದರೆ ಜಾವದ ಗುಡುಗುಗಳೆಲ್ಲ ಇಡೀ ಒಂದು ದಿನ ಹಿಂದಕ್ಕೆ ಸರಿದು ಕೂತಿದ್ದವು. ಹಬ್ಬದ ದಿನ ಸೂರ್ಯ ಬರುವ ತನಕ ಕ್ಯಾಲೆಂಡರಿನ ಹಾಳೆ ಹರಿಯಲು ಬಿಡದ ಮನೆಯಲ್ಲಿ ಬೆಳೆದವನು ಅವನು. ಅವನಿಗೇ ಹೊಳೆಯಲಿಲ್ಲವಲ್ಲ!

ಆ ಭಾನುವಾರ ಅವನು ಎಣಿಸಲಿಲ್ಲ.

ಸೋಮವಾರ ಆಫೀಸಿನಲ್ಲಿ, ಎಲ್ಲರೂ ಫೀಕಾ ಎಂದು ಕಾಫಿಗೆ ಎದ್ದಾಗ ಇವನೊಬ್ಬ ಕೂತು ಹಳೆಯ ಫೈಲು ತೆರೆದ. ನಡುರಾತ್ರಿಗೂ ಸೂರ್ಯೋದಯಕ್ಕೂ ನಡುವಿನವು ಎಪ್ಪತ್ತೊಂದು. ಅಷ್ಟಕ್ಕೂ ಒಂದು ದಿನ ಕೂಡಿಸಿ, ನಳಿನಿಯ ಪ್ರಬಂಧದ ಚಿತ್ರವನ್ನೇ ತನಗೆ ಬಂದಂತೆ ಮತ್ತೆ ಎಳೆದ. ವಿಚಿತ್ರವೆಲ್ಲ ಮಾಯ. ಜಾವದ ಗುಡುಗುಗಳೂ ಸಂಜೆಯವುಗಳ ಹಾಗೆಯೇ, ತೇವ ಬಂದ ಮೇಲೆ ಒಳ್ಳೆಯ ಮಕ್ಕಳ ಹಾಗೆ ಸಾಲಾಗಿ ಬಂದು ನಿಂತವು. ಮುನ್ಸೂಚನೆಯೂ ಇಲ್ಲ, ಮಣ್ಣೂ ಇಲ್ಲ.

ಮೂರು ದಿನ ಅವನು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ. ಹೇಳಿದರೆ ಅವಳ ಕೆಲಸ ಹೋಗುತ್ತದೆ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆ ನೋಟ್‌ಬುಕ್ಕುಗಳನ್ನು ತೆರೆದು ಓದಿದವರು ಪ್ರಪಂಚದಲ್ಲಿ ಇದ್ದದ್ದೇ ಈ ಮನೆಯ ಮೂವರು. ಇದೇ ಅವನನ್ನು ಹೆಚ್ಚು ತಿಂದದ್ದು. ರಾತ್ರಿ ಊಟಕ್ಕೆ ಕೂತಾಗ ಹಲಗೆಯ ಕಡೆ ಕಣ್ಣು ಹೋಗದಂತೆ ಫ್ರಿಜ್ಜಿಗೆ ಬೆನ್ನು ಮಾಡಿ ಕೂರತೊಡಗಿದ.

ಗುರುವಾರ ಲೂಸಿಯಾ ಹಬ್ಬ. ಕತ್ತಲಿರುವಾಗಲೇ ದಾಗಿಸ್‌ನ ಮಕ್ಕಳೆಲ್ಲ ಬಿಳಿ ನಿಲುವಂಗಿ ತೊಟ್ಟು, ಬ್ಯಾಟರಿಯ ಮೇಣದಬತ್ತಿ ಹಿಡಿದು, ಸಾಲಾಗಿ ಹಾಡುತ್ತ ಬಂದವು. ಅವನಿಯ ತಲೆಯ ಮೇಲಿನ ದೀಪದ ಕಿರೀಟ ಕಿವಿಗೆ ಜಾರಿತ್ತು. ಮಾಲತಿ ಕಣ್ಣೊರೆಸಿಕೊಂಡರು. "ನಮ್ಮ ಧನುರ್ಮಾಸದ ಪೂಜೆ ಇವರಿಗೆ ಮೂರು ದಿನ ಮುಂಚೇನೇ ಬಂದಿದೆ ನೋಡು," ಎಂದು ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿದರು. ಕಾಫಿ, ಕೇಸರಿ ಹಾಕಿದ ಬನ್ನು ಎಲ್ಲ ಮುಗಿದ ಮೇಲೆ ಮಾಲತಿ ರಸ್ತೆಯಾಚೆಗಿದ್ದ ಮಗನ ಮನೆಗೆ ಹೊರಟರು. ತಡವಾಗಿದ್ದ ನಳಿನಿ ಸ್ಟೇಷನ್ನಿಗೆ ಓಡಿದಳು. ಯೋಗೀಶನೂ ಓಡಿದ, ಅವಳ ಜೊತೆಗೇ ರೈಲು ಹತ್ತಿದ.

"ನಿನ್ನ ಆಫೀಸು ಇದೇ ಊರಲ್ಲಿ ಕಣೋ," ಎಂದಳು ನಳಿನಿ, ಸೀಟು ಹಿಡಿದು ಕೂತು.

"ಗೊತ್ತು."

"ಭಾನುವಾರ ಸ್ಕೋರ್ ಹಾಕಿಲ್ಲ. ನಾಲ್ಕು ದಿನದಿಂದ ಮುಖ ಹುಳ್ಳಗೆ ಮಾಡ್ಕೊಂಡು ಓಡಾಡ್ತಿದೀಯ. ಯಾರಾದ್ರೂ ಬೈದಿದಾರಾ ನನ್ನ ಪೇಪರನ್ನ?"

ಅವನು ಹೇಳಿದ. ಶನಿವಾರದ ಒಪ್ಪತ್ತಿನಿಂದ ಶುರುಮಾಡಿ ಎಪ್ಪತ್ತೊಂದರವರೆಗೆ ಎಲ್ಲವನ್ನೂ, ತಡವರಿಸುತ್ತ. ಹೇಳಿ ಮುಗಿಯುವ ಹೊತ್ತಿಗೆ ರೈಲು ಬೋಲ್‌ಸ್ಟಾ ದಾಟಿತ್ತು. ಬಯಲಿನ ಅಂಚಿನಲ್ಲಿ ಸೂರ್ಯ ಇಷ್ಟೇ ಇಷ್ಟು ತಲೆ ಎತ್ತಿದ್ದ.

"ಅತ್ತೆಗೆ ಗೊತ್ತಾ?" ಅವಳ ಬಾಯಿಂದ ಬಂದ ಮೊದಲ ಮಾತು ಅದು.

"ಇಲ್ಲ."

"ಹೇಳ್ಬೇಡ. ಎದೆ ಒಡ್ಕೋತಾರೆ."

ಯೋಗೀಶನಿಗೆ ಆಗ ಅವಳ ಮೇಲೆ ಬಂದ ಪ್ರೀತಿ ಅಷ್ಟಿಷ್ಟಲ್ಲ. ಆ ಪ್ರೀತಿಯಲ್ಲೇ ಒಂದು ಸಣ್ಣ ಬುದ್ಧಿಯ ಮಾತು ಆಡಿದ. "ಜನವರಿ ಕಳೀಲಿ ನಳಿನಿ. ರಿಪೋರ್ಟ್ ಬರ್ಲಿ. ಆಮೇಲೆ ತಿದ್ದುಪಡಿ ಕಳಿಸು. ತಪ್ಪು ಅಂತ ನಮಗೆ ಫೆಬ್ರವರಿಯಲ್ಲಿ ಗೊತ್ತಾಯ್ತು ಅಂದ್ಕೊಳ್ಳೋದಪ್ಪ."

"ಗೊತ್ತಾಗಿದ್ದು ಇವತ್ತಲ್ವಾ?"

"ಹೂಂ."

"ತೊಂಬತ್ತೇಳು ಜನ ಯೋಗಿ. ನನ್ನ ಮಾತು ನಂಬ್ಕೊಂಡು ಅದರ ಮೇಲೆ ತಮ್ಮದನ್ನ ಕಟ್ಟಿದಾರೆ. ಒಂದು ದಿನ ತಪ್ಪಾಗಿದ್ದಕ್ಕೆ ನಂಗೆ ಬೇಜಾರಿಲ್ಲ. ಗೊತ್ತಿದ್ದೂ ಎರಡು ತಿಂಗಳು ಸುಮ್ನಿದ್ರೆ ಅದು ನಿಜವಾಗ್ಲೂ ನನ್ನ ತಪ್ಪಾಗತ್ತೆ." ಅಷ್ಟು ಹೇಳಿ ಅವನ ಭುಜಕ್ಕೆ ಹಣೆಯಿಟ್ಟು, ಜನ ನೋಡುತ್ತಾರೆಂಬ ಪರಿವೆಯಿಲ್ಲದೆ ಅತ್ತಳು. ಯೋಗೀಶ ತನ್ನ ಮಾತಿಗೆ ತಾನೇ ನಾಚಿದ. ಸ್ಟಾಕ್‌ಹೋಮಿನಲ್ಲಿ ಅವಳನ್ನು ಇಳಿಸಿ ಅದೇ ಪ್ಲಾಟ್‌ಫಾರ್ಮಿನಿಂದ ವಾಪಸು ರೈಲು ಹಿಡಿದ.

ಅತ್ತೆಯಿಂದ ಮುಚ್ಚಿಡುವುದು ಎರಡೇ ದಿನ ಸಾಧ್ಯವಾಯಿತು. ಶನಿವಾರ ಮಧ್ಯಾಹ್ನ ನಳಿನಿ ಊಟದ ಮೇಜಿನ ಮೇಲೆ ಹತ್ತೊಂಬತ್ತು ನೋಟ್‌ಬುಕ್ಕನ್ನೂ ಹರಡಿಕೊಂಡು, ಜಾವದ ಗುಡುಗುಗಳ ಪಕ್ಕ ಕೆಂಪು ಪೆನ್ಸಿಲ್ಲಿನಲ್ಲಿ ಒಂದೊಂದು ಚುಕ್ಕೆ ಇಡುತ್ತಿದ್ದಳು. ತಮ್ಮ ಅಕ್ಷರ ಕಂಡ ಮಾಲತಿ ಸಡಗರದಿಂದ ಬಂದು ಕೂತರು. ಅರಿಶಿನದ ಕಲೆಯಿದ್ದ ಹಾಳೆಯೊಂದನ್ನು ಸವರಿ, ಆ ದಿನ ಯಾವ ಹುಳಿ ಮಾಡಿದ್ದೆನೆಂದು ನೆನಪಿಸಿಕೊಂಡರು. ಆಮೇಲೆ ಕೆಂಪು ಚುಕ್ಕೆಗಳು ಕಣ್ಣಿಗೆ ಬಿದ್ದವು. ಮೂವತ್ತು ವರ್ಷ ಕೆಂಪು ಇಂಕಿನಲ್ಲೇ ಬದುಕಿದ ಜೀವ ಅದು.

"ಏನು ತಪ್ಪಾಗಿದೆ?"

"ಏನಿಲ್ಲ ಅತ್ತೆ, ಸುಮ್ನೆ."

"ಸುಮ್ನೆ ಯಾರೂ ಕೆಂಪಲ್ಲಿ ಬರೆಯಲ್ಲ."

ಹೇಳದೆ ವಿಧಿಯಿರಲಿಲ್ಲ. ಮಾಲತಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸೆರಗಿನಿಂದ ಕಣ್ಣೊತ್ತಿಕೊಂಡರು. "ಸೈನ್ಸ್ ಟೀಚರ್ ನಾನು. ತಾರೀಕು ತಪ್ಪು ಬರೆದ ಮಕ್ಕಳಿಗೆ ಅರ್ಧ ಮಾರ್ಕು ಕಳೀತಿದ್ದೆ. ನನ್ನಿಂದ ನಿನ್ನ ಕೆಲಸ ಹೋಗೋ ಹಾಗಾಯ್ತಲ್ಲೇ."

"ನೀವು ತಪ್ಪು ಬರೆದಿಲ್ಲ ಅತ್ತೆ. ಇಪ್ಪತ್ತೆರಡು ವರ್ಷ ಒಂದೇ ಥರ ಬರೆದಿದೀರ. ನಿಮ್ಮ ದಿನ ಯಾವಾಗ ಶುರುವಾಗತ್ತೆ ಅಂತ ನಾನು ಕೇಳ್ಬೇಕಿತ್ತು. ಕೇಳಲಿಲ್ಲ. ತಪ್ಪು ನಂದು."

"ಟೈಪ್ ಮಾಡಿದೋನು ನಾನು," ಎಂದ ಯೋಗೀಶ. "ಆ ಮನೇಲಿ ಹುಟ್ಟಿದೋನು ನಾನು. ತಪ್ಪು ನಂದು."

"ನೀನು ಸುಮ್ನಿರೋ ಯೋಗಿ!" ಎಂದಳು ನಳಿನಿ ಅತ್ತೆಯ ಎದುರೇ, ಆಮೇಲೆ ನಾಲಿಗೆ ಕಚ್ಚಿಕೊಂಡಳು. ಮಾಲತಿ ಅಳುವಿನ ನಡುವೆಯೇ ಫಕ್ಕನೆ ನಕ್ಕುಬಿಟ್ಟರು. "ನನ್ನ ಮುಂದೆ ಇಷ್ಟು ದಿನ ನೀವು ನೀವು ಅಂತ ಕಷ್ಟಪಟ್ಟೆಯಲ್ಲೇ, ಪಾಪ. ನಂಗೆ ಮೊದಲ ದಿನವೇ ಗೊತ್ತಿತ್ತು," ಎಂದರು.

ತಿದ್ದುಪಡಿಯೆಂದರೆ ಒಂದೂವರೆ ಪುಟ. ಅದನ್ನು ಬರೆಯಲು ಇಡೀ ಸಂಜೆ ಹಿಡಿಯಿತು. ಯಾಕೆಂದರೆ ಒಂದು ವಾಕ್ಯದಲ್ಲಿ ತಪ್ಪು ಯಾರದೆಂದು ಹೇಳಬೇಕಿತ್ತು, ಮೂವರೂ ಅದಕ್ಕಾಗಿ ಆಸ್ತಿಗೆ ಕಿತ್ತಾಡುವವರಂತೆ ಕಿತ್ತಾಡಿದರು. ಅವನಿ ಕಿವಿ ಮುಚ್ಚಿಕೊಂಡು ಸ್ವೀಡಿಷಿನಲ್ಲಿ ಬೈದಳು. ಕೊನೆಗೆ ನಳಿನಿ ಬರೆದಳು: ವೀಕ್ಷಕಿಯ ದಾಖಲೆ ಸರಿಯಾಗಿದೆ, ಅವರ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ, ಅದನ್ನು ಕೇಳಿ ತಿಳಿಯದೇ ಹೋದದ್ದು ಪ್ರಬಂಧ ಬರೆದವರ ತಪ್ಪು. ಮೇಲೆ ಲೇಖಕರ ಜಾಗದಲ್ಲಿ ತನ್ನ ಹೆಸರಿನ ಪಕ್ಕ ಮಾಲತಿ ಎಂದೂ ಹಾಕಿದಳು. ಮೊದಲ ಪ್ರಬಂಧದಲ್ಲಿ ಅತ್ತೆಗೆ ಕೊನೆಯ ಸಾಲಿನಲ್ಲಿ ಒಂದು ಕೃತಜ್ಞತೆ ಹೇಳಿ ಮುಗಿಸಿದ್ದು ಅವಳಿಗೆ ಈಗ ಚುಚ್ಚುತ್ತಿತ್ತು. ಯೋಗೀಶನ ಹೆಸರು ಬಂದದ್ದು ಕೆಳಗೆ, 'ಟೈಪಿಂಗ್ ನೆರವು' ಎಂದು.

ಸೋಮವಾರ ಅದು ಪತ್ರಿಕೆಗೆ ಹೋಯಿತು. ಒಂದು ಪ್ರತಿ, ವಿವರಿಸಿದ ಒಂದು ಕಾಗದದ ಸಮೇತ, ಪರಿಣತರಿಗೂ ಹೋಯಿತು.

ಹುದ್ದೆ ನಾರ್ವೆಯವನಿಗೆ ಸಿಕ್ಕಿತು. ವರದಿಯಲ್ಲಿ ನಳಿನಿಯ ಪ್ರಾಮಾಣಿಕತೆಯ ಬಗ್ಗೆ ಎರಡು ಒಳ್ಳೆಯ ಸಾಲಿದ್ದವು, ಮತ್ತು ಅವಳ ಮುಖ್ಯ ಫಲಿತಾಂಶ ಈಗ ಉಳಿದಿಲ್ಲ ಎಂಬ ಒಂದು ಸಾಲು. ಎರಡೂ ನಿಜವೇ. ಫೆಬ್ರವರಿಯಲ್ಲಿ ಮಾಲತಿ ಊರಿಗೆ ಹೊರಟಾಗ ವಿಮಾನ ನಿಲ್ದಾಣದಲ್ಲಿ ಸೊಸೆಯ ಕೈ ಬಿಡಲಿಲ್ಲ. ಜೂನಿನ ನಂತರ ನಳಿನಿ ಬೇರೊಬ್ಬರು ರಜೆಯಲ್ಲಿದ್ದ ಜಾಗದಲ್ಲಿ ಅರ್ಧ ದಿನದ ಪಾಠಕ್ಕೆ ಸೇರಿದಳು. ಉಳಿದರ್ಧ ದಿನ ಸಂಬಳವಿಲ್ಲದೆ ಅದೇ ಗುಡುಗುಗಳ ಹಿಂದೆ ಬಿದ್ದಳು. ಬೇಜಾರು ಇರಲಿಲ್ಲವೆಂದರೆ ಸುಳ್ಳಾದೀತು. ಕೆಲವು ಸಂಜೆ ರೈಲಿನಿಂದ ಇಳಿದವಳ ಮುಖ ನೋಡಿಯೇ ಯೋಗೀಶ ಕಾಫಿ ಮಾಡಿಕೊಡುತ್ತಿದ್ದ.

ತಮಾಷೆಯೆಂದರೆ ಹಳೆಯ ಪ್ರಬಂಧದ ಸ್ಕೋರು ನಿಲ್ಲಲಿಲ್ಲ. ತಿದ್ದುಪಡಿಯನ್ನು ಓದದವರು ಹೆಸರಿಸುತ್ತಲೇ ಹೋದರು. ಏಪ್ರಿಲ್‌ನಲ್ಲಿ ನೂರು ದಾಟಿತು. ಯೋಗೀಶ ಅದನ್ನು ಬರೆಯಲಿಲ್ಲ, ಕೇಸರಿಬಾತೂ ಆಗಲಿಲ್ಲ. ಹಲಗೆಯ ಮೇಲೆ 97 ಹಾಗೆಯೇ ಮಾಸುತ್ತಿತ್ತು. ಆದರೆ ಭಾನುವಾರ ಏಳುವ ಚಟ ಬಿಡಲಿಲ್ಲ. ಈಗ ಅವನು ಹುಡುಕುತ್ತಿದ್ದದ್ದು ತಿದ್ದುಪಡಿಯನ್ನು. ಮೇ, ಜೂನ್, ಸೆಪ್ಟೆಂಬರ್. ಪ್ರತಿ ವಾರವೂ ಸೊನ್ನೆ.

ನವೆಂಬರ್ ಒಂಬತ್ತು, ಭಾನುವಾರ, ಬೆಳಿಗ್ಗೆ ಆರೂ ಮುಕ್ಕಾಲು. ಸೊನ್ನೆ ಇರಲಿಲ್ಲ. ಶ್ರೀಲಂಕಾದ ಒಬ್ಬ ಸಂಶೋಧಕಿ ಚಹಾ ತೋಟಗಳ ಹಳೆಯ ಮಳೆ ಪುಸ್ತಕಗಳ ಬಗ್ಗೆ ಬರೆದಿದ್ದಳು. ನಡುವೆ ಒಂದು ಕಡೆ ಹೀಗಿತ್ತು: ನಳಿನಿ ಮತ್ತು ಮಾಲತಿ ತೋರಿಸಿಕೊಟ್ಟಂತೆ, ನಾವು ಮೊದಲು ಬರೆದವರ ಮನೆಗಳಿಗೆ ಹೋಗಿ, ಅವರ ದಿನ ಯಾವಾಗ ಶುರುವಾಗುತ್ತಿತ್ತೆಂದು ಕೇಳಿದೆವು.

ಯೋಗೀಶ ಅದನ್ನು ಮೂರು ಸಲ ಓದಿದ. ನಳಿನಿಯನ್ನು ಎಬ್ಬಿಸಲು ಹೋಗಿ, ಬೇಡವೆಂದು ಮೊದಲು ತಿಪಟೂರಿಗೆ ಫೋನ್ ಮಾಡಿದ. ಅಲ್ಲಿ ಹನ್ನೊಂದು ಕಾಲು. ಅವನು ಸಾಲನ್ನು ಕನ್ನಡದಲ್ಲಿ ಓದಿ ಹೇಳಿದ.

"ಕೇಳಿಸ್ತಾ ಅಮ್ಮ?"

"ಕೇಳಿಸ್ತು. ನಳಿನಿ ಹೆಸರು ಮೊದಲು ಇದೆ ತಾನೆ?"

"ಮೊದಲೇ ಇದೆ."

"ಹಲಗೆ ಮೇಲೆ ಬರಿ ಮತ್ತೆ. ತಾರೀಕು ಹಾಕು."

ಅವನು ಒಂದು ವರ್ಷದ 97ನ್ನು ಅಂಗೈಯಿಂದಲೇ ಒರೆಸಿ, 1 ಎಂದು ದೊಡ್ಡದಾಗಿ ಬರೆದು, ಕೆಳಗೆ ತಾರೀಕು ಬರೆಯಲು ಪೆನ್ನು ಊರಿದ.

"ಅಲ್ಲಿ ಸೂರ್ಯ ಹುಟ್ಟಿದ್ನಾ?" ಎಂದರು ಮಾಲತಿ.

ಕಿಟಕಿಯಾಚೆ ಬೀದಿದೀಪಗಳು ಉರಿಯುತ್ತಿದ್ದವು. "ಇಲ್ಲಮ್ಮ, ಇನ್ನೂ ಕತ್ತಲು."

"ಹಾಗಾದ್ರೆ ನಿನ್ನೆ ತಾರೀಕು ಹಾಕು."

ಅವನು ನಗುತ್ತ, ಮೂಗು ಸೇದುತ್ತ ಹಾಗೆಯೇ ಬರೆದ: ಶನಿವಾರ, 8ನೇ ತಾರೀಕು, ಜಾವ 6-45. ಸದ್ದಿಗೆ ಎದ್ದು ಬಂದ ನಳಿನಿ ಮೊದಲು ಪರದೆಯನ್ನು ಓದಿದಳು, ಆಮೇಲೆ ಹಲಗೆಯನ್ನು. ಅವನ ಕೈಯಿಂದ ಪೆನ್ನು ತೆಗೆದುಕೊಂಡು ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಸೂರ್ಯೋದಯ 7-33.

"ಮುಂದೆ ಓದೋರಿಗೆ ಗೊತ್ತಾಗ್ಲಿ," ಎಂದು ಹೇಳಿ, ಫೋನಿಗೆ ಕೈ ಚಾಚಿದಳು. "ಅತ್ತೇ..."